ಟ್ರ್ಯಾಕಿನಲ್ಲಿ ಕಲಿಯುವಾಗ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಕೆ?

ರೇಸ್ ಟ್ರ್ಯಾಕಿಗೆ ಹೊಸದಾಗಿ ಇಳಿದವರಿಗೆ ಸಿಗುವ ಮೊದಲ ಬಿಟ್ಟಿ ಸಲಹೆ ‘ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ’ ಎಂಬುದು. ಕಿವಿಗೆ ಹಾಕಿಕೊಳ್ಳಬೇಡಿ. ಎಂಜಿನ್ನಿನ ಬಲಕ್ಕೆ ಚಕ್ರ ಜಾರಿ ಸುತ್ತದಂತೆ ತಡೆಯುವ ವ್ಯವಸ್ಥೆ ಅದು. ಫಾರ್ಮುಲಾ ಒನ್‌ನಲ್ಲಿ 2008ರಿಂದ ಅದಕ್ಕೆ ನಿಷೇಧವಿದೆ, ನಿಜ. ಆದರೆ ಅಲ್ಲಿ ಓಡಿಸುವವರು ಕಲಿಯುವವರಲ್ಲವಲ್ಲ! ನಿಮ್ಮ ಮಟ್ಟಿಗೆ, ಅದು ಕೆಲಸ ಮಾಡಿದಾಗಲೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ಹಳದಿ ದೀಪ ಬಲಗಾಲಿನ ತಪ್ಪು ಎಣಿಸಿಕೊಡುವ ಮೇಷ್ಟ್ರು.

ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್‌ಗೆಂದು ನಾಲ್ಕೂ ಚಕ್ರಗಳಲ್ಲಿರುವ ವೇಗದ ಸೆನ್ಸರ್‌ಗಳನ್ನೇ ಟ್ರ್ಯಾಕ್ಷನ್ ಕಂಟ್ರೋಲೂ ಬಳಸುತ್ತದೆ. ಎಂಜಿನ್ ತಿರುಗಿಸುವ ಚಕ್ರ ಉಳಿದವಕ್ಕಿಂತ ಅತಿಯಾಗಿ ಸುತ್ತಿದರೆ ಥ್ರಾಟಲ್ ಮುಚ್ಚಿಯೋ ಇಗ್ನಿಷನ್ ತಡಮಾಡಿಯೋ ಎಂಜಿನ್ನಿನ ಬಲ ತಗ್ಗಿಸುತ್ತದೆ. ಹಲವು ಕಾರುಗಳಲ್ಲಿ ಜಾರುವ ಚಕ್ರಕ್ಕೆ ಬ್ರೇಕನ್ನೂ ಹಾಕುತ್ತದೆ. ಕೆಲಸ ಇಷ್ಟೇ. ತಿರುವಿಗೆ ಮಿತಿಮೀರಿದ ವೇಗದಲ್ಲಿ ನುಗ್ಗಿದರೆ, ತಡವಾಗಿ ಬ್ರೇಕ್ ಒತ್ತಿದರೆ, ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲೆತ್ತಿ ಹಿಂಭಾಗ ಜಾರಿದರೆ ಇದು ಕಾಯುವುದಿಲ್ಲ. ಆಗ ನೆರವಿಗೆ ಬರುವುದು ಸ್ಟೆಬಿಲಿಟಿ ಕಂಟ್ರೋಲ್. ಅದು ಸ್ಟೀರಿಂಗ್ ಕೋನವನ್ನೂ ಕಾರು ನಿಜಕ್ಕೂ ತಿರುಗುತ್ತಿರುವ ಪರಿಯನ್ನೂ ಹೋಲಿಸಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಅದಕ್ಕೂ ಟೈರಿನ ಹಿಡಿತ ಮೀರಿ ಏನೂ ಮಾಡಲಾಗದು.

ಈ ಎರಡಕ್ಕೂ ಒಂದೇ ಬಟನ್ ಇರುವ ಕಾರುಗಳು ಬಹಳ. ಎಷ್ಟೋ ಮಾದರಿಗಳಲ್ಲಿ ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಮಾತ್ರ, ಕೆಲವು ಸೆಕೆಂಡು ಒತ್ತಿ ಹಿಡಿದರೆ ಎರಡೂ ಆಫ್. ನಿಮ್ಮ ಕಾರಿನದು ಹೇಗೆಂದು ಮ್ಯಾನ್ಯುಯಲ್ ಓದಿ ತಿಳಿದೇ ಹೊರಡಿ. ದೀಪ ಮಿನುಗಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆ. ಬಿಡದೆ ಉರಿದರೆ ಆಫ್ ಆಗಿದೆ ಅಥವಾ ಕೆಟ್ಟಿದೆ. ಹಿಂದೆ-ಮುಂದೆ ಬೇರೆ ಅಳತೆಯ ಟೈರ್ ಹಾಕಿ ಕಂಪನಿ ಕೊಟ್ಟ ಸುತ್ತಳತೆಯ ಅನುಪಾತ ಕೆಡಿಸಿದ್ದರೆ ಸೆನ್ಸರ್ ಲೆಕ್ಕವೇ ತಪ್ಪಿ ಸುಮ್ಮಸುಮ್ಮನೆ ಮಿನುಗಬಹುದು.

ಮೊದಲ ಎರಡು ಲ್ಯಾಪ್ ಟೈರ್ ತಣ್ಣಗಿರುತ್ತದೆ, ಆಗಿನ ಮಿನುಗನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಯಾವ ತಿರುವಿನ ಯಾವ ಜಾಗದಲ್ಲಿ ಮಿನುಗಿತೆಂದು ನೆನಪಿಟ್ಟುಕೊಂಡು ಪಿಟ್‌ಗೆ (ಟ್ರ್ಯಾಕಿನ ಬದಿಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ) ಬಂದಾಗ ಬರೆದುಕೊಳ್ಳಿ. ದೀಪವನ್ನೇ ನೋಡುತ್ತ ಓಡಿಸಬೇಡಿ. ಕಣ್ಣು ತಿರುವಿನ ಕೊನೆಯ ಮೇಲಿರಲಿ. ಎಂಜಿನ್ ಸದ್ದು ಕುಗ್ಗುವುದು, ಕಾರು ತಡವರಿಸುವುದು ಮೈಗೇ ತಿಳಿಯುತ್ತದೆ.

ತಿರುವಿನಿಂದ ಹೊರಬರುವಾಗ ಪ್ರತಿ ಲ್ಯಾಪ್ ಒಂದೇ ಕಡೆ ಮಿನುಗಿದರೆ ಕಾರಣ ಸಾಮಾನ್ಯವಾಗಿ ಒಂದೇ: ಸ್ಟೀರಿಂಗ್ ಇನ್ನೂ ತಿರುಗಿರುವಾಗಲೇ ಆಕ್ಸಿಲರೇಟರ್ ಒತ್ತುತ್ತಿದ್ದೀರಿ. ಟೈರಿನ ಹಿಡಿತ ಒಂದೇ ಗಂಟು. ಅಡ್ಡಕ್ಕೆ ಖರ್ಚಾದಷ್ಟು ಮುಂದಕ್ಕೆ ಉಳಿಯುವುದಿಲ್ಲ. ಸ್ಟೀರಿಂಗನ್ನೂ ಬಲಗಾಲಿನ ಹೆಬ್ಬೆರಳನ್ನೂ ಒಂದು ದಾರದಿಂದ ಕಟ್ಟಿದೆ ಎಂದುಕೊಳ್ಳಿ. ಸ್ಟೀರಿಂಗ್ ನೇರವಾದಷ್ಟೇ ಕಾಲು ಕೆಳಗಿಳಿಯಬೇಕು. ಮುಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಭಾರ ಕಳೆದುಕೊಂಡ ಒಳಬದಿಯ ಚಕ್ರ ಸುತ್ತುತ್ತದೆ, ಕಾರು ಹೊರಕ್ಕೆ ಸರಿಯುತ್ತದೆ. ಹಿಂದಿನ ಚಕ್ರಗಳು ತಳ್ಳುವ ಕಾರಿನಲ್ಲಿ ಬಾಲವೇ ತಿರುಗುತ್ತದೆ. ಎರಡಕ್ಕೂ ಮದ್ದು ಅದೇ ದಾರ.

ಹಾಗೆಂದು ಆಕ್ಸಿಲರೇಟರನ್ನು ಪೂರ್ತಿ ತುಳಿದು ‘ಕಂಪ್ಯೂಟರ್ ನೋಡಿಕೊಳ್ಳಲಿ’ ಎಂದರೆ ಎರಡು ನಷ್ಟ. ಕಾಲು ಏನೂ ಕಲಿಯುವುದಿಲ್ಲ, ಬ್ರೇಕ್ ಬಿಸಿಯೇರುತ್ತದೆ. ನೀವು ಮುಟ್ಟದಿದ್ದರೂ ವ್ಯವಸ್ಥೆ ಬ್ರೇಕ್ ಹಾಕುತ್ತಲೇ ಇರುವುದರಿಂದ ಪ್ಯಾಡ್ ಬೇಗ ಸವೆಯುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆಯ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲಿನ ಕನಿಷ್ಠ ಮಟ್ಟ 155 ಮಾತ್ರ. ಅದು ಕುದ್ದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಟ್ರ್ಯಾಕಿಗೆ ಮೊದಲು ಹೊಸ ಎಣ್ಣೆ ತುಂಬಿಸಿ. ಪೆಡಲ್ ಮೆತ್ತಗೆನಿಸಿದ ಕೂಡಲೇ ವೇಗ ಇಳಿಸಿ ಪಿಟ್‌ಗೆ ಬನ್ನಿ. ಬ್ರೇಕ್ ತಣಿಯಲೆಂದು ಕೊನೆಯ ಲ್ಯಾಪ್ ಅದನ್ನು ಆದಷ್ಟು ಮುಟ್ಟದೆ ನಿಧಾನ ಓಡಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ತಡೆ ಕೊಡಿ.

ಟ್ರ್ಯಾಕ್ಷನ್ ಕಂಟ್ರೋಲಿನ ನೆರವನ್ನು ಒಂದು ಹಂತ ಇಳಿಸುವುದು ಯಾವಾಗ? ಒಣ ಟ್ರ್ಯಾಕಿನಲ್ಲಿ, ಬಿಸಿ ಟೈರಿನಲ್ಲಿ, ನಿಮ್ಮ ಎಂದಿನ ವೇಗ ತಗ್ಗಿಸದೆ ಸತತ ಹತ್ತು ಲ್ಯಾಪ್ ದೀಪ ಮಿನುಗದಿದ್ದರೆ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪೋರ್ಟ್ ಅಥವಾ ಟ್ರ್ಯಾಕ್ ಮೋಡಿಗೆ ಒಂದೇ ಹಂತ ಇಳಿಯಿರಿ. ತಿರುವಿನಲ್ಲಿ ಬಟನ್ ಮುಟ್ಟಬೇಡಿ, ಅದು ಪಿಟ್‌ನಲ್ಲಿ ಮಾಡುವ ಕೆಲಸ. ಹನಿ ಬಿದ್ದರೆ, ದಣಿವಾದರೆ ಮತ್ತೆ ಮೇಲಿನ ಹಂತಕ್ಕೆ. ಸ್ಟೆಬಿಲಿಟಿ ಕಂಟ್ರೋಲ್ ಪೂರ್ತಿ ಆಫ್ ಮಾಡುವ ಅಭ್ಯಾಸ ಬೇಕೇಬೇಕೆಂದರೆ ಸುತ್ತಲೂ ಬಯಲಿರುವ, ನೀರು ಹಾಯಿಸಿದ ಸ್ಕಿಡ್ ಪ್ಯಾಡ್‌ನಲ್ಲಿ ಕಡಿಮೆ ವೇಗದಲ್ಲಿ ಮಾಡಿ. ಕಾರು ಕೈಮೀರಿ ಸುತ್ತಿಯೇ ಬಿಟ್ಟರೆ ಕ್ಲಚ್, ಬ್ರೇಕ್ ಎರಡನ್ನೂ ಪೂರ್ತಿ ತುಳಿದು ಹಿಡಿಯಿರಿ.

ಇನ್ನೊಂದು. ಎಂಜಿನ್ ನಿಂತು ಮತ್ತೆ ಸ್ಟಾರ್ಟ್ ಆದರೆ ಹಲವು ಕಾರುಗಳಲ್ಲಿ ಹಂತ ತಾನಾಗಿ ಪೂರ್ತಿ ಆನ್ ಸ್ಥಿತಿಗೆ ಮರಳುತ್ತದೆ, ಕೆಲವದರಲ್ಲಿ ನೀವು ಆರಿಸಿದ್ದೇ ಉಳಿಯುತ್ತದೆ. ಪಿಟ್ ಬಿಡುವ ಮುನ್ನ ಪ್ರತಿ ಸಲ ದೀಪ ನೋಡಿಯೇ ಗೇರ್ ಹಾಕಿ.