ಆಷಾಢದಲ್ಲಿ ಬಿಗಿಯಾದ ಕಿಟಕಿಗೆ ತೋಪಡ ಹೊಡೆಸಬೇಡಿ

ಮಲೆನಾಡು, ಕರಾವಳಿಯ ಹಳೆ ಮನೆಗಳಲ್ಲಿ ಇರುವವರಿಗೆ ಇದು ಗೊತ್ತೇ ಇರುತ್ತದೆ. ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಕಿಟಕಿಯ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಎಳೆದರೆ ಬರುವುದಿಲ್ಲ, ತಳ್ಳಿದರೆ ಕೂರುವುದಿಲ್ಲ. ನಮ್ಮ ಸಾಗರದ ಮನೆಯಲ್ಲಿ ಒಮ್ಮೆ ಹೀಗಾದಾಗ ಬಡಗಿಯನ್ನು ಕರೆಸಿ ಅಂಚಿಗೆ ತೋಪಡ (ಮರ ಹೆರೆಯುವ ಸಾಧನ) ಹೊಡೆಸಿದೆವು. ಫೆಬ್ರವರಿಯಲ್ಲಿ ನೋಡಿದರೆ ಎರಡು ಬಾಗಿಲುಗಳ ನಡುವೆ ಬೆರಳು ತೂರುವಷ್ಟು ಸಂದು!

ಮರ ತೇವ ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಅಲ್ಲ, ಅಗಲಕ್ಕೇ ಜಾಸ್ತಿ. ಹಾಗಾಗಿ ಮಳೆಗಾಲದಲ್ಲಿ ಉಜ್ಜುವ ಜಾಗಕ್ಕೆ ಮೇಣದ ಬತ್ತಿ ತಿಕ್ಕಿ, ಅಷ್ಟೇ ಸಾಕು. ದೊಡ್ಡ ಕೆಲಸ ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ.

ಮೊದಲು ತಟ್ಟಿ ನೋಡಿ

ಬಾಗಿಲನ್ನೂ ಚೌಕಟ್ಟನ್ನೂ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ಇರಬಹುದು. ಗೋಡೆಯಿಂದ ಚೌಕಟ್ಟಿಗೆ ಹತ್ತಿದ ಮಣ್ಣಿನ ಗೆರೆ ಇದೆಯೇ ನೋಡಿ. ಕಿಟಕಿ ಕಟ್ಟೆಯ ಮೇಲೆ ಅಕ್ಕಿ ಹಿಟ್ಟಿನಂಥ ನುಣುಪು ಪುಡಿ ಬಿದ್ದಿದ್ದರೆ ಅದು ಕುಟ್ಟೆ ಹುಳದ ಕೆಲಸ. ಇವೆರಡರಲ್ಲಿ ಯಾವುದಿದ್ದರೂ ಮೊದಲು ಅದಕ್ಕೆ ಮದ್ದು ಮಾಡಿಸಿ. ಹುಳ ಒಳಗಿಟ್ಟು ಮೇಲೆ ಬಣ್ಣ ಬಳಿದು ಏನು ಪ್ರಯೋಜನ, ಅಲ್ವಾ?

ತೊಳೆಯುವುದು ಅಲ್ಲ, ಒರೆಸುವುದು

ಪೈಪ್ ಹಿಡಿದು ನೀರು ಹಾಯಿಸಬೇಡಿ. ಒಣ ಬ್ರಷ್‌ನಿಂದ ಮೂಲೆಯ ದೂಳು, ಜೇಡರ ಬಲೆ ತೆಗೆಯಿರಿ. ಅಡ್ಡಪಟ್ಟಿಗಳ ಕಿಟಕಿಯಾದರೆ ಹಳೆ ಕಾಲುಚೀಲ ಕೈಗೆ ಹಾಕಿಕೊಂಡು ಒಂದೊಂದೇ ಪಟ್ಟಿಯನ್ನು ಒರೆಸಿದರೆ ಸಲೀಸು. ಆಮೇಲೆ ಸ್ವಲ್ಪ ಸೋಪು ಕಲಸಿದ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಸೋಡಾ ಬೇಡ, ಸಾಗುವಾನಿಯ ಬಣ್ಣ ಕೆಡುತ್ತದೆ. ಬೂಷ್ಟು ಹಿಡಿದಿದ್ದರೆ ಒಣಗಿದ್ದಾಗ ಕೆರೆಯಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಒದ್ದೆ ಬಟ್ಟೆಯಲ್ಲೇ ತೆಗೆಯಿರಿ. ಮತ್ತೆ ಎರಡು ದಿನ ಗಾಳಿಗೆ ತೆರೆದಿಡಿ.

ಹಳೆ ಬಣ್ಣದ ಬಗ್ಗೆ ಎಚ್ಚರ

ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರಲ್ಲಿ. ಅಜ್ಜನ ಕಾಲದ ಹಸಿರು ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಬೇಡಿ. ನೀರು ಚಿಮುಕಿಸಿ, ವಾಟರ್ ಪೇಪರ್‌ನಲ್ಲಿ ಉಜ್ಜಿ. ದೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಗಟ್ಟಿಯಾಗಿ ಕೂತ ಬಣ್ಣವನ್ನು ಸುಮ್ನೆ ಕೆದಕಲೂ ಹೋಗಬೇಡಿ.

ಎಲ್ಲರೂ ಮರೆಯುವ ಅಂಚು

ಬಾಗಿಲಿನ ಕೆಳಗಿನ ಅಂಚಿಗೆ ಬೆರಳು ಆಡಿಸಿ ನೋಡಿ. ಒರಟಾಗಿ, ನಾರುನಾರಾಗಿ ಸಿಗುತ್ತದೆ. ಬಣ್ಣ ಹಚ್ಚುವವರ ಕುಂಚ ಅಲ್ಲಿಗೆ ಹೋಗುವುದೇ ಇಲ್ಲ. ಆದರೆ ಮಳೆ ನೀರು ಇಳಿದು ಬಂದು ನಿಲ್ಲುವುದು ಅಲ್ಲೇ. ಬಾಗಿಲಿನ ಎರಡು ಬದಿಗೆ ನೆಟ್ಟಗೆ ನಿಲ್ಲುವ ಪಟ್ಟಿಯ ಕೊಯ್ದ ತುದಿ ಇರುವುದೂ ಅಲ್ಲೇ. ಆ ತುದಿ ನೀರನ್ನು ಸ್ಟ್ರಾ ಹಾಗೆ ಹೀರುತ್ತದೆ. ನಾನು ಕಂಡ ಲಡ್ಡಾದ ಕಿಟಕಿಗಳಲ್ಲಿ ಹೆಚ್ಚಿನವು ಕೆಳಗಿನಿಂದಲೇ ಹಾಳಾದವು. ಕೀಲಿನ ಸ್ಕ್ರೂ ಬಿಚ್ಚಿ ಬಾಗಿಲನ್ನು ಇಳಿಸಿ, ಆ ಅಂಚಿಗೆ ಎರಡು ಸಲ, ಮೂರು ಸಲ ಹಚ್ಚಿ.

ಹಚ್ಚುವುದು ಏನನ್ನು? ಬಣ್ಣವಿಲ್ಲದ ಮರಕ್ಕೆ ಬಾಯ್ಲ್ಡ್ ಲಿನ್ಸೀಡ್ ಎಣ್ಣೆ (ಬೇಗ ಒಣಗುವಂತೆ ಹದ ಮಾಡಿದ ಅಗಸೆ ಎಣ್ಣೆ) ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ. ಕರಾವಳಿಯಲ್ಲಿ ಮಾಡಿನ ಮರಕ್ಕೆ ಗೇರು ಬೀಜದ ಸಿಪ್ಪೆಯ ಎಣ್ಣೆ ಬಳಿಯುವುದುಂಟು. ಹುಳಕ್ಕೆ ಒಳ್ಳೆ ತಡೆ. ಆದರೆ ಮರ ಕಪ್ಪಾಗುತ್ತದೆ, ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಕಿಟಕಿಗೆ ನಾನು ಬಳಸುವುದಿಲ್ಲ.

ಕೀಲು, ಚಿಲಕ

ಕಿರುಗುಡುವ ಕೀಲಿಗೆ ತೆಂಗಿನೆಣ್ಣೆ ಬೇಡ, ದೂಳು ಹಿಡಿದು ಅಂಟಾಗುತ್ತದೆ. ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಸಾಕು. ಸ್ಕ್ರೂ ತೂತು ಸಡಿಲವಾಗಿದ್ದರೆ ಮದ್ದಿಲ್ಲದ ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ಒಳಗೆ ತುಂಬಿ, ಒಣಗಿದ ಮೇಲೆ ಅದೇ ಸ್ಕ್ರೂ ತಿರುಗಿಸಿ. ಸಮುದ್ರದ ಹತ್ತಿರ ಮನೆಯಿದ್ದರೆ ಕಬ್ಬಿಣದ ಸ್ಕ್ರೂ ತೆಗೆದು ಹಿತ್ತಾಳೆಯದು ಹಾಕಿಸಿ. ಉಪ್ಪುಗಾಳಿಗೆ ಕಬ್ಬಿಣ ಹೆಚ್ಚು ದಿನ ಬಾಳುವುದಿಲ್ಲ.