ನೆಲದಿಂದ ಒಂದಡಿ ಮೇಲೆ: ಒಬ್ಬರೇ ಕ್ಯಾಂಪಿಂಗ್ ಹೋಗಲು ಟೆಂಟ್ ಮಂಚ ಆರಿಸಿಕೊಂಡ ಬಗೆ

ಮಲೆನಾಡಿನ ಕಾಫಿ ತೋಟದಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ನೆಲದ ಮೇಲೆ ಟೆಂಟ್ ಹಾಕಿ ಮಲಗಿದರೆ ಕೆಳಗಿನಿಂದ ತೇವ ಏರುತ್ತದೆ, ಇಂಬಳ ಹತ್ತುತ್ತವೆ. ಅದಕ್ಕಿಂತ ದೊಡ್ಡ ತೊಂದರೆ, ಸಮತಟ್ಟು ಜಾಗವೇ ಸಿಗುವುದಿಲ್ಲ. ಒಬ್ಬರು ಮಲಗುವ ಟೆಂಟಿಗೂ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಬೇರು-ಕಲ್ಲು ಇಲ್ಲದ ನೆಲ ಬೇಕು. ಮಂಚಕ್ಕಾದರೆ ಕಾಲು ಊರುವಲ್ಲಿ ಅಂಗೈ ಅಗಲದ ಜಾಗ ಸಿಕ್ಕರೆ ಸಾಕು, ನಡುವೆ ಬೇರು ಇದ್ದರೂ ಇರಲಿ. ಅಂಗಳದಲ್ಲಿ ಹೊರಸು ಹಾಕಿ ಮಲಗುವವರಿಗೆ, ಬೆಳೆ ಕಾಯಲು ಅಟ್ಟಣಿಗೆ ಕಟ್ಟುವವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಮಡಚಿ ಒಯ್ಯುವ, ಮೇಲೆ ಟೆಂಟ್ ಇರುವ ಮಂಚ ಬಂದಾಗ ಮಾತ್ರ ನಾವು ಆ ಲೆಕ್ಕ ಬಿಟ್ಟು ಟೆಂಟಿನ ಬಣ್ಣ, ಕಿಟಕಿ, ಜೇಬು ನೋಡಿ ಕೊಳ್ಳುತ್ತೇವೆ. ನಾನು ಆರಿಸುವಾಗ ಮಂಚ ಮೊದಲು, ಟೆಂಟ್ ಆಮೇಲೆ ಎಂದು ಇಟ್ಟುಕೊಂಡೆ. ಹೊದಿಕೆ ಸರಿ ಇಲ್ಲದಿದ್ದರೆ ಮೇಲೊಂದು ಟಾರ್ಪಾಲು ಕಟ್ಟಬಹುದು, ಸೊಂಟದ ಕೆಳಗೆ ಅಡ್ಡಪಟ್ಟಿ ಒತ್ತುವ ಮಂಚಕ್ಕೆ ಕಾಡಂಚಿನಲ್ಲಿ ಮದ್ದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಮಂಚಕ್ಕೆ ಟೆಂಟ್ ಹೊಲಿದೇ ಇರುವ, ಪುಸ್ತಕದಂತೆ ಬಿಚ್ಚುವ ಮಾದರಿ ಒಂದು. ಬಿಚ್ಚಿದ ಎರಡು ನಿಮಿಷದಲ್ಲಿ ಮನೆ ಸಿದ್ಧ. ಆದರೆ ತೂಕ 10ರಿಂದ 14 ಕೆ.ಜಿ., ಮಡಚಿದರೂ ಮುಕ್ಕಾಲು ಮೀಟರಿಗಿಂತ ಅಗಲದ ಚಪ್ಪಟೆ ಪೆಟ್ಟಿಗೆ. ಸಣ್ಣ ಕಾರಿನ ಡಿಕ್ಕಿಗೆ ಹೋಗುವುದಿಲ್ಲ, ಹಿಂದಿನ ಸೀಟು ಮಡಚಬೇಕು. ಬೈಕಿಗಂತೂ ಆಗದ ಮಾತು. ಎರಡನೆಯದು ಬೇರೆ ಮಂಚ, ಅದರ ಮೇಲೆ ಪಟ್ಟಿ ಬಿಗಿದು ಕೂರಿಸುವ ಬೇರೆ ಟೆಂಟ್. ಮೂರನೆಯದು ಮಂಚ, ಸೊಳ್ಳೆಪರದೆ, ಮೇಲೆ ಟಾರ್ಪಾಲು, ಮೂರೂ ಬಿಡಿಬಿಡಿ. ಅಲ್ಯೂಮಿನಿಯಂ ಕೊಳವೆಯ ಗಿಡ್ಡ ಮಂಚಗಳು ಎರಡು-ಎರಡೂವರೆ ಕೆ.ಜಿ.ಯಲ್ಲಿ ಸಿಗುತ್ತವೆ, ಬೈಕಿನ ಹಿಂದೆ ಕಟ್ಟಬಹುದು. ಆದರೆ ಅವುಗಳ ಎತ್ತರ ಒಂದು ಗೇಣಿಗೂ ಕಡಿಮೆ, ಅಂದರೆ 15-20 ಸೆಂ.ಮೀ. ಮಾತ್ರ. ಬೆಳಿಗ್ಗೆ ಎದ್ದು ಕೂತು ಬೂಟು ಹಾಕಿಕೊಳ್ಳಲು ಮಂಡಿ ನೋಯುವವರಿಗೆ ಅದು ಕಷ್ಟ. 28-30 ಸೆಂ.ಮೀ. ಎತ್ತರವಿದ್ದರೆ ಕೆಳಗೆ ಚೀಲವನ್ನೂ ಇಡಬಹುದು. ನಾನು ಕಾರಿನಲ್ಲಿ ಹೋಗುವುದೇ ಹೆಚ್ಚು, ಆದರೂ ಎರಡನೆಯ ಬಗೆಯನ್ನೇ ಆರಿಸಿದೆ. ಬೇಸಿಗೆಯಲ್ಲಿ ಟೆಂಟ್ ಕಳಚಿಟ್ಟು ಬರೀ ಪರದೆಯಲ್ಲಿ ಮಲಗಬಹುದು. ಟೆಂಟ್ ಹರಿದರೆ ಮಂಚ ಉಳಿಯುತ್ತದೆ, ಮಂಚ ಮುರಿದರೆ ಟೆಂಟ್ ಉಳಿಯುತ್ತದೆ.

ಉದ್ದದ ಲೆಕ್ಕ: ನಿಮ್ಮ ಎತ್ತರಕ್ಕೆ 30 ಸೆಂ.ಮೀ. ಸೇರಿಸಿ. 173 ಸೆಂ.ಮೀ. ಇರುವವರಿಗೆ 203ಕ್ಕಿಂತ ಕಡಿಮೆ ಬೇಡ. ಟೆಂಟಿನ ಗೋಡೆ ತಲೆ ಮತ್ತು ಕಾಲಿನ ಕಡೆ ಒಳಕ್ಕೆ ವಾಲಿರುತ್ತದೆ. ಮಂಚದ ಮೇಲೆ ಜಾಗವಿದ್ದರೂ ಸ್ಲೀಪಿಂಗ್ ಬ್ಯಾಗಿನ ತುದಿ ಗೋಡೆಗೆ ತಾಗಿ, ಬೆಳಗಿನ ಹೊತ್ತಿಗೆ ಒಳಗಡೆ ಕಟ್ಟಿದ ಇಬ್ಬನಿ ಹೀರಿ ತೊಯ್ದಿರುತ್ತದೆ. ಅಂಗಾತ ಮಲಗುವವರಿಗೆ 65 ಸೆಂ.ಮೀ. ಅಗಲ ಸಾಕು. ಮಗ್ಗುಲಾಗಿ, ಮಂಡಿ ಮಡಚಿ ಮಲಗುವವರು 75ಕ್ಕಿಂತ ಕೆಳಗೆ ಇಳಿಯಬಾರದು. ಭಾರಕ್ಕೆ ಬಟ್ಟೆ ನಡುವೆ ಜಗ್ಗಿದಾಗ ಅಕ್ಕಪಕ್ಕದ ಕೊಳವೆಗಳು ಅಷ್ಟೇ ಮೇಲೆದ್ದಂತಾಗುತ್ತವೆ. ಮಂಡಿ, ಮೊಣಕೈ ಅವುಗಳ ಮೇಲೆಯೇ ಬಂದು ಕೂರುತ್ತವೆ.

ಅಂಗಡಿಯಲ್ಲಿ ಬಿಚ್ಚಿಸಿ, ಮೇಲೆ ಮಲಗಿ ನೋಡದೆ ಮಂಚ ಕೊಳ್ಳಬೇಡಿ. ಅಂಗಾತ ಐದು ನಿಮಿಷ, ಪ್ರತಿ ಮಗ್ಗುಲಿಗೆ ಐದು ನಿಮಿಷ. ಆಗ ಕೈ ಕೆಳಗೆ ಹಾಕಿ ಸೊಂಟದ ಮೂಳೆಗೂ ಅಡ್ಡಪಟ್ಟಿಗೂ ಎಷ್ಟು ಅಂತರವಿದೆ ಎಂದು ತಡವಿ. ಎರಡು ಬೆರಳಾದರೂ ತೂರಬೇಕು. ನಡುಗಾಲು ಸರಿಯಾಗಿ ಸೊಂಟದ ಕೆಳಗೇ ಬರುವ ಮಂಚಗಳಿವೆ. ಒಂದೇ ಮಂಚ ಒಬ್ಬರಿಗೆ ಹಿತವಾಗಿ ಇನ್ನೊಬ್ಬರಿಗೆ ಒತ್ತುವುದು ಇದರಿಂದಲೇ. ಸ್ವಲ್ಪ ಮೇಲೆ-ಕೆಳಗೆ ಸರಿದು ಮಲಗಿದರೆ ತಪ್ಪುತ್ತದೆಯೇ ನೋಡಿ, ತಪ್ಪದಿದ್ದರೆ ಬಿಟ್ಟು ಬನ್ನಿ. ತರಿಸಿಕೊಂಡು ಕೊಳ್ಳುವವರು ಹಿಂತಿರುಗಿಸುವ ಗಡುವಿನೊಳಗೆ ಮನೆಯಲ್ಲೇ ಒಂದು ಪೂರ್ತಿ ರಾತ್ರಿ ಮಲಗಿ ನೋಡಬೇಕು.

ತಾಳುವ ಭಾರ ಎಂದು ಬರೆದಿರುವುದು ಉದ್ದಕ್ಕೂ ಹರಡಿ ಮಲಗಿದ ಭಾರ. ಅಂಚಿನಲ್ಲಿ ಕೂತಾಗ ಅದೇ ತೂಕ ಒಂದು ಕೊಳವೆಯ ಒಂದೆರಡು ಅಡಿ ಉದ್ದದ ಮೇಲೆ ಬೀಳುತ್ತದೆ. ಮಂಚ ಬಾಗುವುದು, ಬಟ್ಟೆಯ ಹೊಲಿಗೆ ಬಿಡುವುದು ಕೂರುವಾಗ, ಏಳುವಾಗ. ನಿಮ್ಮ ತೂಕದ ಒಂದೂವರೆ ಪಟ್ಟು ತಾಳುವುದನ್ನು ಕೊಳ್ಳಿ, ಕೂರುವಾಗ ಕಾಲಿನ ನೇರಕ್ಕೆ ಕೂರಿ. ಮೊಣಕಾಲೂರಿ ಹತ್ತಿ ಒಳಗೆ ಹೋಗುವುದಂತೂ ಬೇಡವೇ ಬೇಡ. ಉಕ್ಕಿನ ಕೊಳವೆಯಾದರೆ ರಿವೆಟ್ ಹೊಡೆದ ತೂತುಗಳನ್ನು ನೋಡಿ. ಬಣ್ಣದ ಲೇಪ ಒಡೆದಿರುವುದು ಅಲ್ಲೇ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಒಂದು ಹನಿ ಉಗುರಿನ ಬಣ್ಣ ಹಚ್ಚಿಟ್ಟರೆ ಸಾಕು.

ಕಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಳೆ ಬಿದ್ದ ತೋಟದ ಮಣ್ಣು ಮೆತ್ತಗಿರುತ್ತದೆ, ಎರಡು ಬೆರಳು ಅಗಲದ ಕಾಲು ರಾತ್ರಿಯಿಡೀ ಇಳಿಯುತ್ತಲೇ ಹೋಗುತ್ತದೆ. ಎಲ್ಲವೂ ಒಂದೇ ಸಮ ಇಳಿದರೆ ತೊಂದರೆಯಿಲ್ಲ, ಹಾಗೆ ಇಳಿಯುವುದಿಲ್ಲ. ಒಂದು ಮೂಲೆ ಕುಸಿದಾಗ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ. ಅದು ಮೊದಲು ಗೊತ್ತಾಗುವುದು ಬಾಗಿಲಿನ ಜಿಪ್‌ನಲ್ಲಿ. ಸಂಜೆ ಸಲೀಸಾಗಿ ಓಡಿದ ಜಿಪ್ ನಡುರಾತ್ರಿ ಒಂದು ಬಾಗಿನಲ್ಲಿ ಕಚ್ಚಿಕೊಳ್ಳುತ್ತದೆ. ಬಲವಾಗಿ ಎಳೆದರೆ ಹಲ್ಲು ಬಿಡುತ್ತದೆ, ಆಮೇಲೆ ಸೊಳ್ಳೆಗೆ ಬಾಗಿಲು ತೆರೆದಂತೆಯೇ. ಎಳೆಯಬೇಡಿ. ಎರಡು ಬದಿಯ ಬಟ್ಟೆಯನ್ನು ಒಂದು ಕೈಯಲ್ಲಿ ಹತ್ತಿರ ತಂದು ಹಿಡಿದು ನಿಧಾನ ಬಿಚ್ಚಿ, ಹೊರಗೆ ಬಂದು ಕುಸಿದ ಕಾಲಿಗೆ ಚಕ್ಕೆ ಕೊಡಿ. ಇದಕ್ಕೆಂದೇ 12 ಮಿ.ಮೀ. ಪ್ಲೈವುಡ್‌ನಲ್ಲಿ 12×12 ಸೆಂ.ಮೀ. ಚೌಕಗಳನ್ನು ಕಾಲಿಗೊಂದರಂತೆ ಕತ್ತರಿಸಿ, ಮೇಲೆ ಎರಡೆರಡು ಹೆಚ್ಚಿಗೆ ಇಟ್ಟುಕೊಂಡಿದ್ದೇನೆ. ಬಣ್ಣ ಬಳಿದರೆ ನೀರು ಕುಡಿಯುವುದಿಲ್ಲ, ಬಿಳಿ ಬಣ್ಣವಾದರೆ ಹೊರಡುವಾಗ ತರಗೆಲೆಯಲ್ಲಿ ಕಳೆಯುವುದಿಲ್ಲ. ಮಂಚವನ್ನು ಮಾಮೂಲಿ ಟೆಂಟಿನ ಒಳಗೆ ಹಾಕುವವರು ಹಳೆಯ ಟೈರಿನ ತುಂಡು ಕೊಡಬೇಕು, ಇಲ್ಲದಿದ್ದರೆ ಒಂದೇ ರಾತ್ರಿಗೆ ಟೆಂಟಿನ ತಳ ತೂತು.

ಮಟ್ಟ ನೋಡಲು ಅರ್ಧ ತುಂಬಿದ ನೀರಿನ ಬಾಟಲಿ ಮಂಚದ ಮೇಲೆ ಅಡ್ಡ ಮಲಗಿಸಿ. ಅಡ್ಡಕ್ಕೆ ನೀರು ಸಮ ನಿಲ್ಲಲೇಬೇಕು. ಉದ್ದಕ್ಕೆ ತಲೆಯ ಕಡೆ ಎರಡು-ಮೂರು ಸೆಂ.ಮೀ. ಮೇಲಿದ್ದರೆ ಒಳ್ಳೆಯದೇ.

ಇನ್ನು ಚಳಿ. ಮಂಚದ ಮೇಲೆ ಮಲಗಿದರೆ ನೆಲದ ತಂಪು ತಾಗುವುದಿಲ್ಲ ಎಂಬುದು ನಿಜ. ಆದರೆ ನೆಲದ ಬದಲು ಗಾಳಿ ನಿಮ್ಮ ಬೆನ್ನಿನ ಕೆಳಗೆ ಓಡಾಡುತ್ತದೆ. ಸ್ಲೀಪಿಂಗ್ ಬ್ಯಾಗಿನ ತುಂಬು ಬೆನ್ನಿನ ಭಾರಕ್ಕೆ ಅಮುಕಿ ಹೋಗಿರುವುದರಿಂದ ಅಲ್ಲಿ ಬೆಚ್ಚಗೆ ಹಿಡಿದಿಡಲು ಏನೂ ಉಳಿದಿರುವುದಿಲ್ಲ. ಚಿಕ್ಕಮಗಳೂರಿನ ಗಿರಿ ಕಡೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸುತ್ತಲಿನ ತೋಟಗಳಲ್ಲಿ, ಜನವರಿಯ ರಾತ್ರಿ ಬರೀ ಮಂಚದ ಬಟ್ಟೆಯ ಮೇಲೆ ಮಲಗಿದರೆ ಎರಡು ಗಂಟೆಗೆ ಎಚ್ಚರ ಖಾತ್ರಿ. ಗಾಳಿ ತುಂಬಿದ ತೆಳ್ಳನೆಯ ಹಾಸಿಗೆ ಇಲ್ಲಿ ನೆರವಿಗೆ ಬರುವುದಿಲ್ಲ, ಅದರೊಳಗಿನ ಗಾಳಿಯೂ ತಣ್ಣಗಾಗಿ ಸುತ್ತುತ್ತಲೇ ಇರುತ್ತದೆ. ಮಂಚದ ಬಟ್ಟೆಯ ಮೇಲೆ 10 ಮಿ.ಮೀ. ಫೋಮ್ ಹಾಳೆ, ಯೋಗ ಮ್ಯಾಟ್‌ನಂಥದ್ದು. ಅದರ ಮೇಲೆ ಕುರಿ ಉಣ್ಣೆಯ ಕಂಬಳಿ ಎರಡು ಮಡಿಕೆ. ಮೇಲೆ ಸ್ಲೀಪಿಂಗ್ ಬ್ಯಾಗ್. ಚಳ್ಳಕೆರೆ ಕಡೆ ನೇಯುವ ಗಡಸು ಕಂಬಳಿ ಇದಕ್ಕೆ ಹೇಳಿ ಮಾಡಿಸಿದ್ದು. ಮೈಭಾರಕ್ಕೆ ಪೂರ್ತಿ ಅಮುಕುವುದಿಲ್ಲ, ತೇವವಾದರೂ ಬೆಚ್ಚಗಿಡುತ್ತದೆ. ಫೋಮ್ ಹಾಳೆ ಜಾರದಂತೆ ನಾಲ್ಕು ಮೂಲೆಗೆ ತೂತು ಹಾಕಿ ದಾರದಿಂದ ಕೊಳವೆಗೆ ಕಟ್ಟಿ. ಏಪ್ರಿಲ್-ಮೇನಲ್ಲಿ ಕರಾವಳಿಗೆ ಹೋಗುವುದಾದರೆ ಇದೆಲ್ಲ ಮನೆಯಲ್ಲಿರಲಿ, ಆಗ ಬೆನ್ನ ಕೆಳಗಿನ ಗಾಳಿಯೇ ಸುಖ.

ಮಳೆಯ ವಿಷಯದಲ್ಲಿ ಜನ ನೋಡುವುದು 2000 ಮಿ.ಮೀ., 3000 ಮಿ.ಮೀ. ಎಂಬ ಸಂಖ್ಯೆಯನ್ನು. ಬಟ್ಟೆ ಸೋರುವ ಮೊದಲು ಎಷ್ಟು ಎತ್ತರದ ನೀರಿನ ಒತ್ತಡ ತಾಳುತ್ತದೆ ಎಂಬ ಅಳತೆ ಅದು, 2000 ಇದ್ದರೆ ಸಾಕು. ನೀರು ಒಳಗೆ ಬರುವುದು ಬಟ್ಟೆಯ ನಡುವಿನಿಂದಲ್ಲ. ಮೇಲ್ಹೊದಿಕೆಯ ಅಂಚು ಮಂಚದ ಅಂಚಿಗೇ ನಿಂತಿದ್ದರೆ, ಗೋಡೆಯ ಮೇಲೆ ಹರಿದ ನೀರು ನೇರ ಮಂಚದ ಬಟ್ಟೆಗೆ ಇಳಿದು, ಕೊಳವೆ ತೂರಿಸಿದ ಮಡಿಕೆಯಲ್ಲಿ ನಿಂತು, ಅಲ್ಲಿಂದ ಕಂಬಳಿಗೆ ಏರುತ್ತದೆ. ಹೊದಿಕೆ ಮಂಚದ ಅಂಚಿನಿಂದ ಕೆಳಕ್ಕೆ 10-15 ಸೆಂ.ಮೀ. ಇಳಿಬಿದ್ದಿರಬೇಕು. ಜಂಬಿಟ್ಟಿಗೆ ನೆಲ, ಕಾಫಿ ಒಣಗಿಸುವ ಕಣದಂಥ ಗಟ್ಟಿ ಜಾಗದಲ್ಲಿ ಹನಿ ಸಿಡಿದು ಕೆಳಗಿನಿಂದಲೂ ಮಂಚ ತೊಯ್ಯುತ್ತದೆ, ಅಲ್ಲಿ ಮಂಚದ ಕೆಳಗೆ ಹುಲ್ಲೋ ತರಗೋ ಹರಡಿ. ಇಬ್ಬದಿಗೂ ನೀರು ಬೀಳುವ ಜಾಗದ ಹೊಲಿಗೆಗೆ ಟೇಪ್ ಅಂಟಿಸಿದೆಯೇ ನೋಡಿ. ಇಲ್ಲದಿದ್ದರೆ ನಾವೇ ಹೊಲಿಗೆ ಮುಚ್ಚುವ ಅಂಟು ಹಚ್ಚಬೇಕು. ಪಿಯು ಅಂದರೆ ಪಾಲಿಯುರೆಥೇನ್ ಲೇಪದ ಬಟ್ಟೆಗೆ ಪಾಲಿಯುರೆಥೇನ್ ಅಂಟು, ಸಿಲಿಕೋನ್ ಲೇಪದ ಬಟ್ಟೆಗೆ ಸಿಲಿಕೋನ್ ಅಂಟು. ಅದಲುಬದಲಾದರೆ ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ. ಹೊರಡುವ ಮೊದಲು ಅಂಗಳದಲ್ಲಿ ಟೆಂಟ್ ಬಿಚ್ಚಿ, ಒಳಗೆ ಹಳೆಯ ಪತ್ರಿಕೆ ಹಾಸಿ, ಪೈಪಿನಲ್ಲಿ 20 ನಿಮಿಷ ನೀರು ಬಿಡಿ. ಕಾಗದ ಎಲ್ಲಿ ಕಪ್ಪಾಗಿದೆಯೋ ಅಲ್ಲೇ ಸೋರಿಕೆ.

ಹೊದಿಕೆ ಪಾಲಿಯೆಸ್ಟರ್ ಆಗಿರಲಿ. ನೈಲಾನ್ ಹಗುರವಾದರೂ ಒದ್ದೆಯಾದಾಗ ಹಿಗ್ಗಿ ಜೋತು ಬೀಳುತ್ತದೆ, ಒಬ್ಬರ ಟೆಂಟಿನಲ್ಲಿ ಜೋತುಬಿದ್ದ ಬಟ್ಟೆ ಅಂದರೆ ಮುಖಕ್ಕೆ ತಾಗುವ ಬಟ್ಟೆ. ಒಳಗಿನ ಜಾಗ ಕಡಿಮೆ ಇರುವುದರಿಂದ ಉಸಿರಿನ ತೇವವೂ ಬೇಗ ಕಟ್ಟುತ್ತದೆ. ಒಂದೇ ಪದರದ ಟೆಂಟಿಗಿಂತ ಒಳಗೆ ಪರದೆ, ಹೊರಗೆ ಹೊದಿಕೆ ಇರುವ ಎರಡು ಪದರದ್ದು ಮೇಲು. ತಲೆಯ ಕಡೆ ಕೆಳಗೊಂದು, ಕಾಲಿನ ಕಡೆ ಮೇಲೊಂದು ಗಾಳಿಕಿಂಡಿ ಮಳೆಯಲ್ಲೂ ತೆರೆದಿಡುವಂತಿರಬೇಕು.

ಗಾಳಿಗೆ ಗೂಟ ಹೊಡೆಯಲೇಬೇಕು. ನೆಲದಿಂದ ಮೇಲೆತ್ತಿದ ಟೆಂಟ್ ಅಡಿಯಿಂದಲೂ ಗಾಳಿ ಹಿಡಿಯುತ್ತದೆ, ನೀವು ಎದ್ದು ಹೊರಗೆ ಹೋದ ಕೂಡಲೇ ಪಲ್ಟಿ ಹೊಡೆಯಬಹುದು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ, ಹಾಗಾಗಿ ಟೆಂಟಿನಲ್ಲಿ ನೀವು ಕಾಲು ಚಾಚುವ ಕಿರಿದಾದ ತುದಿಯನ್ನು ಆ ಕಡೆಗೆ ಹಾಕಿ. ಗೂಟ ಇಳಿಯದ ಕಡೆ ನಾಲ್ಕು ಮೂಲೆಯ ಹಗ್ಗವನ್ನು ದೊಡ್ಡ ಕಲ್ಲಿಗೆ ಕಟ್ಟಿ.

ಎತ್ತರ ಎಲ್ಲ ಜೀವಿಗಳಿಂದಲೂ ಕಾಪಾಡುವುದಿಲ್ಲ. ನೆಲದಲ್ಲಿ ಮಲಗಿದವರನ್ನು ರಾತ್ರಿ ಕಚ್ಚುವುದರಲ್ಲಿ ಕಟ್ಟುಹಾವು ಮುಖ್ಯವಾದದ್ದು, ಮುಚ್ಚಿದ ಪರದೆಯ ಮಂಚ ಅಲ್ಲಿ ದೊಡ್ಡ ಧೈರ್ಯ. ಇಂಬಳ ಮಂಚದ ಕಾಲಿನ ಮೇಲೆ ಹತ್ತಿ ಬರುತ್ತವೆ. ಪ್ರತಿ ಕಾಲಿಗೂ ಹೊಗೆಸೊಪ್ಪು ನೆನೆಸಿದ ನೀರಲ್ಲಿ ಅದ್ದಿದ ಬಟ್ಟೆಪಟ್ಟಿ ಸುತ್ತುತ್ತೇನೆ, ಜೋರು ಮಳೆ ಬಂದರೆ ಮತ್ತೆ ಅದ್ದಬೇಕು. ಗೂಟದ ಹಗ್ಗಗಳಿಗೂ ಸುತ್ತಿ, ಅದು ಕೂಡ ಏರುವ ದಾರಿಯೇ. ಉಣುಗಿನ ಮಾತು ಬೇರೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ, ಇಂದಿಗೂ ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಅದರ ಕಾಲ. ಉಣುಗು ನಿಮ್ಮ ಪ್ಯಾಂಟಿಗೆ ಅಂಟಿ ಒಳಗೆ ಬರುತ್ತದೆ. ಬಟ್ಟೆಯನ್ನು ಹೊರಗೇ ಕೊಡವಿ, ಬದಲಿಸಿ, ಕಂಕುಳು, ಸೊಂಟ, ಮಂಡಿಯ ಹಿಂದೆ ತಡವಿ ನೋಡಿಯೇ ಒಳಗೆ ಹೋಗಿ. ಮಂಗ ಸತ್ತ ಸುದ್ದಿ ಇರುವ ಊರಿನಲ್ಲಿ ಆ ಸಲ ಕ್ಯಾಂಪ್ ಬೇಡ. ಆನೆ ಓಡಾಡುವ ತೋಟಗಳಲ್ಲಿ ಮಂಚವೂ ಒಂದೇ, ನೆಲವೂ ಒಂದೇ, ತೋಟದವರು ಬೇಡ ಎಂದರೆ ಬೇಡ. ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ.

ಮನೆಗೆ ಬಂದ ದಿನವೇ ಟೆಂಟ್ ಬಿಚ್ಚಿ ನೆರಳಲ್ಲಿ ಎರಡು ದಿನ ಒಣಗಿಸಿ. ತೇವದಲ್ಲೇ ಮಡಚಿಟ್ಟರೆ ಪಿಯು ಲೇಪ ಅಂಟಂಟಾಗಿ, ಹುಳಿ ವಾಸನೆ ಹಿಡಿದು, ಪೊರೆಪೊರೆಯಾಗಿ ಉದುರುತ್ತದೆ. ಆಮೇಲೆ ಏನು ಹಚ್ಚಿದರೂ ಮೊದಲಿನಂತಾಗುವುದಿಲ್ಲ. ಗೋಕರ್ಣದಂಥ ಕಡಲತೀರಕ್ಕೆ ಹೋಗಿ ಬಂದಿದ್ದರೆ ಕೊಳವೆ, ರಿವೆಟ್, ಜಿಪ್ ಮೂರನ್ನೂ ಸಿಹಿನೀರಲ್ಲಿ ಒರೆಸಿ, ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜಿ. ಎಣ್ಣೆ ಹಾಕಬೇಡಿ, ಧೂಳು ಹಿಡಿಯುತ್ತದೆ. ಮಂಚದ ಬಟ್ಟೆಯನ್ನು ಕೊಳವೆಯಿಂದ ಕಳಚಿ, ಮಡಿಕೆ ಹಾಕದೆ ಸಡಿಲವಾಗಿ ಸುತ್ತಿಡಿ.