ವಾರಕ್ಕೊಂದು ಗಂಟೆ ಜಾಝ್: ರೇಡಿಯೋ ಕಾರ್ಯಕ್ರಮ ಕಟ್ಟುವ ನನ್ನ ರೀತಿ

ಜಾಝ್ ಎಂದರೇನು ಎಂದು ರೇಡಿಯೋದಲ್ಲಿ ವಿವರಿಸಲು ಕೂತರೆ ಕೇಳುಗರು ಎದ್ದು ಹೋಗುತ್ತಾರೆ. ಅದಕ್ಕೇ ನಾನು ವಿವರಿಸುವುದಿಲ್ಲ. ಎರಡು ರೆಕಾರ್ಡಿಂಗ್ ತೆಗೆದುಕೊಂಡು ಒಂದರ ಬೆನ್ನಿಗೆ ಒಂದು ಹಾಕುತ್ತೇನೆ. ವಾರಕ್ಕೊಂದು ಗಂಟೆಯ ಈ ಕಾರ್ಯಕ್ರಮವನ್ನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಹಾಡು ಆರಿಸುವುದು, ಮಾತು ಬರೆಯುವುದು, ಮೈಕ್ ಮುಂದೆ ಕೂರುವುದು, ಆಮೇಲೆ ಎಡಿಟಿಂಗ್, ಎಲ್ಲ ನಾನೇ. ಇಷ್ಟು ದಿನದಲ್ಲಿ ನನಗೆ ಗಟ್ಟಿಯಾದ ನಂಬಿಕೆ ಒಂದೇ. ಜಾಝ್‌ನ ವೈವಿಧ್ಯವೆಲ್ಲ ರೆಕಾರ್ಡಿಂಗ್‌ಗಳಲ್ಲಿದೆ, ಹಾಡು ಬರೀ ನೆಪ. ಯಾರು ನುಡಿಸಿದರು, ಯಾವ ಕೋಣೆಯಲ್ಲಿ, ಎಂಥ ಯಂತ್ರದ ಮುಂದೆ, ಎಷ್ಟು ನಿಮಿಷ ಸಿಕ್ಕಿತ್ತು ಅನ್ನುವುದೆಲ್ಲ ಸೇರಿ ಒಂದು ಗ್ರಾಮಫೋನ್ ಪ್ಲೇಟು ಆಗುತ್ತದೆ. ನನ್ನ ಕಾರ್ಯಕ್ರಮ ಅದರ ಸುತ್ತಲೇ ಸುತ್ತುತ್ತದೆ.

ಸಾಮಾನ್ಯವಾಗಿ ಎಲ್ಲರೂ ಹಿಡಿಯುವ ದಾರಿ ಕಾಲಾನುಕ್ರಮದ್ದು. ಮೊದಲು ನ್ಯೂ ಆರ್ಲಿಯನ್ಸ್, ಆಮೇಲೆ ಸ್ವಿಂಗ್, ಬೀಬಾಪ್, ಕೂಲ್, ಫ್ರೀ. ಪುಸ್ತಕಕ್ಕೆ ಅದು ಸರಿ, ರೇಡಿಯೋಗೆ ಕಷ್ಟ. ಹಾಗೆ ಮಾಡಿದರೆ ಮೊದಲ ತಿಂಗಳೆಲ್ಲ ಗೊರಗೊರ ಅನ್ನುವ ಹಳೇ ಪ್ಲೇಟುಗಳೇ ಬರುತ್ತವೆ, ಕೇಳುಗರ ತಾಳ್ಮೆ ಅಲ್ಲಿಗೇ ಮುಗಿಯುತ್ತದೆ. ಇನ್ನೂ ದೊಡ್ಡ ತೊಂದರೆ ಏನೆಂದರೆ, ಒಂದು ಶೈಲಿ ಬಂದ ಕೂಡಲೇ ಹಿಂದಿನದು ಸತ್ತುಹೋಯಿತು ಅನ್ನುವ ಭಾವನೆ ಹುಟ್ಟುತ್ತದೆ. ನಿಜ ಹಾಗಿಲ್ಲ.

ಇದನ್ನು ತೋರಿಸಲು 1959ನೇ ಇಸವಿ ಒಂದೇ ಸಾಕು. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', ಡೇವ್ ಬ್ರೂಬೆಕ್‌ನ 'ಟೈಮ್ ಔಟ್', ಚಾರ್ಲ್ಸ್ ಮಿಂಗಸ್‌ನ 'ಮಿಂಗಸ್ ಆ ಉಮ್' ಮೂರೂ ಆ ವರ್ಷ ನ್ಯೂಯಾರ್ಕ್‌ನಲ್ಲಿ, ಕೊಲಂಬಿಯಾ ಕಂಪನಿಯ 30ನೇ ಬೀದಿ ಸ್ಟುಡಿಯೋದಲ್ಲಿ ರೆಕಾರ್ಡ್ ಆದವು. ಹಿಂದೆ ಚರ್ಚ್ ಆಗಿದ್ದ ಕಟ್ಟಡ ಅದು. ಸೂರು ಎತ್ತರ, ಸದ್ದಿಗೆ ಒಳ್ಳೆ ಹರವು. ಒಂದೇ ಕೋಣೆಯಲ್ಲಿ ಡೇವಿಸ್ ಹೆಚ್ಚುಕಮ್ಮಿ ಮೌನವನ್ನೇ ನುಡಿಸುತ್ತಾನೆ, ಬ್ರೂಬೆಕ್ ತಂಡ ಐದರ ಲೆಕ್ಕದಲ್ಲಿ ತಾಳ ಹಾಕುತ್ತದೆ, ಮಿಂಗಸ್ ತಂಡ ಚರ್ಚ್‌ನ ಭಜನೆಯ ಹಾಗೆ ಕೂಗಿ ಕೇಕೆ ಹಾಕುತ್ತದೆ. ಅದೇ ವರ್ಷ ದೇಶದ ಇನ್ನೊಂದು ತುದಿಯ ಹಾಲಿವುಡ್‌ನಲ್ಲಿ ಆರ್ನೆಟ್ ಕೋಲ್ಮನ್ ಪಿಯಾನೊವನ್ನೇ ಕೈಬಿಟ್ಟು 'ದ ಶೇಪ್ ಆಫ್ ಜಾಝ್ ಟು ಕಮ್' ಮಾಡಿದ. ಈ ನಾಲ್ಕರಿಂದ ಒಂದೊಂದು ಹಾಕಿದರೆ ಒಂದು ಗಂಟೆ ತುಂಬಿತು. ಶೈಲಿಗಳ ಹೆಸರು ಒಮ್ಮೆಯೂ ಹೇಳಬೇಕಾಗಿಲ್ಲ.

ಕೇಳುಗರಿಗೆ ಜಾಸ್ತಿ ಹಿಡಿಸುವುದು ಒಂದೇ ಹಾಡಿನ ಹಲವು ರೂಪಗಳ ಕಂತು. ನಾನು ಮತ್ತೆ ಮತ್ತೆ ಮರಳುವ ಹಾಡು 'ಬಾಡಿ ಆ್ಯಂಡ್ ಸೋಲ್'. ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್‌ನಲ್ಲಿ ಇದನ್ನು ಟೆನರ್ ಸ್ಯಾಕ್ಸೊಫೋನ್‌ನಲ್ಲಿ ನುಡಿಸಿದ. ಮೂಲ ಧಾಟಿಯನ್ನು ಶುರುವಿನಲ್ಲಿ ಒಂಚೂರು ಮುಟ್ಟುತ್ತಾನೆ, ಅಷ್ಟೇ. ಆಮೇಲೆ ಎರಡು ಸುತ್ತು, ಅಂದರೆ ಹಾಡಿನ ಚೌಕಟ್ಟು ಎರಡು ಸಲ ಮುಗಿಯುವ ತನಕ, ಪೂರ್ತಿ ಅವನದೇ ಮನೋಧರ್ಮ. ಹಾಡಿನ ಧಾಟಿಯೇ ಸರಿಯಾಗಿ ಕೇಳಿಸದ ಈ ಪ್ಲೇಟು ಆಗ ಚೆನ್ನಾಗಿ ಮಾರಾಟವಾಯಿತು ಅನ್ನುವುದೇ ನನಗೆ ಸೋಜಿಗ.

ಆದರೆ ಇದನ್ನು ಮೊದಲು ಹಾಕಬಾರದು. ಮೂಲ ಗೊತ್ತಿಲ್ಲದವರಿಗೆ ಏನು ಬಿಟ್ಟ, ಏನು ಸೇರಿಸಿದ ಅನ್ನುವುದು ತಿಳಿಯುವುದಾದರೂ ಹೇಗೆ? ಕೃತಿ ಕಿವಿಗೆ ಬಿದ್ದಿದ್ದರೆ ತಾನೆ ನೆರವಲ್‌ನ ರುಚಿ ಹತ್ತುವುದು. ಹಾಗಾಗಿ ಇಸವಿ ಬದಿಗಿಟ್ಟು, ಬಿಲ್ಲಿ ಹಾಲಿಡೇ 1940ರಲ್ಲಿ ಹಾಡಿದ್ದರಿಂದ ಶುರು ಮಾಡುತ್ತೇನೆ. ಸಾಹಿತ್ಯ ಇರುವುದರಿಂದ ಧಾಟಿ ಮನಸ್ಸಿನಲ್ಲಿ ಕೂರುತ್ತದೆ. ನಂತರ ಕ್ಲಾರಿನೆಟ್‌ನ ಬೆನ್ನಿ ಗುಡ್‌ಮನ್, ಪಿಯಾನೊದ ಟೆಡ್ಡಿ ವಿಲ್ಸನ್, ಡ್ರಮ್ಸ್‌ನ ಜೀನ್ ಕ್ರೂಪಾ ಮೂವರೇ ಸೇರಿ 1935ರಲ್ಲಿ ಮಾಡಿದ್ದು. ಅಲ್ಲಿ ಧಾಟಿ ಇನ್ನೂ ಕಾಣುತ್ತಿರುತ್ತದೆ, ಅಂಚಿಗೆ ಕುಸುರಿ ಬಂದಿರುತ್ತದೆ. ಹಾಕಿನ್ಸ್ ಮೂರನೆಯವನು. ಕೊನೆಗೆ ಜಾನ್ ಕೋಲ್ಟ್ರೇನ್ 1960ರಲ್ಲಿ ನುಡಿಸಿದ್ದು. ಅಲ್ಲಿ ಹಾಡಿನ ಕೆಳಗಿನ ನೆಲವೇ ಬದಲಾಗಿದೆ, ಆದರೂ ಧಾಟಿ ಥಟ್ಟನೆ ಗುರುತು ಸಿಗುತ್ತದೆ. ಈ ಕ್ರಮದಲ್ಲಿ ಹಾಕಿದರೆ ನಾನು ಬಾಯಿ ಬಿಡುವುದೇ ಬೇಡ.

ಇದಕ್ಕಿಂತ ಹತ್ತಿರದ ಹೋಲಿಕೆಯೂ ಉಂಟು. ಆಲ್ಟೊ ಸ್ಯಾಕ್ಸೊಫೋನ್‌ನ ಚಾರ್ಲಿ ಪಾರ್ಕರ್ 1947ರ ಅಕ್ಟೋಬರ್ 28ರಂದು ಡಯಲ್ ಕಂಪನಿಗೆ 'ಎಂಬ್ರೇಸಬಲ್ ಯೂ' ಹಾಡನ್ನು ಎರಡು ಸಲ ನುಡಿಸಿದ, ಎರಡೂ ಉಳಿದಿವೆ. ಅದೇ ದಿನ, ಅದೇ ತಂಡ, ಅದೇ ಹಾಡು. ಎರಡರಲ್ಲೂ ಅವನ ಯೋಚನೆ ಬೇರೆಬೇರೆ. ಇವೆರಡನ್ನೂ ನಡುವೆ ಒಂದು ಮಾತೂ ಆಡದೆ ಹಾಕುತ್ತೇನೆ.

ಇನ್ನು ನಿಮಿಷಗಳ ಲೆಕ್ಕ. ನಿಮಿಷಕ್ಕೆ 78 ಸಲ ತಿರುಗುವ ಹಳೇ ಪ್ಲೇಟಿಗೆ 78ರ ಪ್ಲೇಟು ಅನ್ನುತ್ತಾರೆ. ಹತ್ತು ಇಂಚಿನ ಅಂಥ ಪ್ಲೇಟಿನ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ. 1948ರಲ್ಲಿ ಎಲ್‌ಪಿ, ಅಂದರೆ ನಿಧಾನ ತಿರುಗುವ ಉದ್ದ ಅವಧಿಯ ಪ್ಲೇಟು, ಬರುವ ತನಕ ಜಾಝ್‌ನವರು ಹೇಳಬೇಕಾದ್ದನ್ನು ಬಹುಪಾಲು ಆ ಮೂರು ನಿಮಿಷದಲ್ಲೇ ಹೇಳಿದರು. ಎಲ್‌ಪಿ ಬಂದ ಮೇಲೆ ಕಟ್ಟು ಬಿಚ್ಚಿತು. ಕೋಲ್ಟ್ರೇನ್‌ನ 'ಮೈ ಫೇವರಿಟ್ ಥಿಂಗ್ಸ್' ಹದಿನಾಲ್ಕು ನಿಮಿಷದ ಹತ್ತಿರ. ಕೀತ್ ಜಾರೆಟ್ 1975ರಲ್ಲಿ ಕಲೋನ್ ನಗರದಲ್ಲಿ ಒಬ್ಬನೇ ಕೂತು ನುಡಿಸಿದ ಕಛೇರಿಯ ಮೊದಲ ಭಾಗವೇ 26 ನಿಮಿಷ. ಆರ್ನೆಟ್ ಕೋಲ್ಮನ್‌ನ 'ಫ್ರೀ ಜಾಝ್' 37 ನಿಮಿಷ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಇವನ್ನು ಏನು ಮಾಡುವುದು?

ನನ್ನ ನಿಯಮ: ಪೂರ್ತಿ ಹಾಕು, ಇಲ್ಲವೇ ಹಾಕಬೇಡ. ನಡುವೆ ಸದ್ದು ತಗ್ಗಿಸಿ "ಸಮಯದ ಅಭಾವದಿಂದ" ಅನ್ನುವುದು ನನಗೆ ಆಗದು. ರೇಡಿಯೋಗಾಗಿ ಕತ್ತರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯೇ ಇದೆ. 'ದ ಗರ್ಲ್ ಫ್ರಮ್ ಇಪನೇಮಾ' ಎಲ್‌ಪಿಯಲ್ಲಿ ಐದು ನಿಮಿಷಕ್ಕೂ ಜಾಸ್ತಿ. ಮೊದಲು ಜೊವಾವ್ ಜಿಲ್ಬರ್ಟೊ ಪೋರ್ಚುಗೀಸ್‌ನಲ್ಲಿ ಹಾಡುತ್ತಾನೆ, ಆಮೇಲೆ ಅವನ ಆಗಿನ ಹೆಂಡತಿ ಆಸ್ಟ್ರುಡ್ ಇಂಗ್ಲಿಷ್‌ನಲ್ಲಿ. 1964ರಲ್ಲಿ ಸಿಂಗಲ್, ಅಂದರೆ ಒಂದೊಂದು ಹಾಡಿನ ಪುಟ್ಟ ಪ್ಲೇಟು, ಮಾಡುವಾಗ ಅವನ ಭಾಗವನ್ನೇ ತೆಗೆದುಹಾಕಿದರು. ಹಾಡು ಜಗತ್ತೆಲ್ಲ ಓಡಿತು, ನಿಜ. ಆದರೆ ಎರಡನ್ನೂ ಒಟ್ಟಿಗೆ ಹಾಕಿ ನೋಡಿ. ಜೊವಾವ್‌ನ ಪಿಸುದನಿ ಕಿವಿಗೆ ಬಿದ್ದ ಮೇಲೆ ಸಿಂಗಲ್ ಯಾಕೋ ಅವಸರದ್ದು ಅನ್ನಿಸುತ್ತದೆ.

ಯಂತ್ರ ಮತ್ತು ಕೋಣೆಯ ವಿಷಯಕ್ಕೆ ಬಂದರೆ ನಾನು ನಿಲ್ಲಿಸುವುದು ಕಷ್ಟ. ಕಿಂಗ್ ಆಲಿವರ್ ತಂಡ 1923ರಲ್ಲಿ ಇಂಡಿಯಾನಾದ ರಿಚ್ಮಂಡ್‌ನಲ್ಲಿ, ಜೆನೆಟ್ ಕಂಪನಿಗೆ ರೆಕಾರ್ಡ್ ಮಾಡಿದಾಗ ಮೈಕ್ ಇರಲಿಲ್ಲ. ದೊಡ್ಡದೊಂದು ಕೊಳವೆಯ ಬಾಯಿಗೆ ಎಲ್ಲರೂ ಮುಖ ಮಾಡಿ ನುಡಿಸಬೇಕು. ಆ ಕೊಳವೆ ಹಿಡಿದ ಸದ್ದೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರು ಹಾಕುತ್ತಿತ್ತು. ದೊಡ್ಡ ಡ್ರಮ್ ಬಡಿದರೆ ಸೂಜಿ ಹಾರುತ್ತಿತ್ತು, ಹಾಗಾಗಿ ಡ್ರಮ್ಮರ್ ಮರದ ತುಂಡು ತಟ್ಟಿ ಸುಧಾರಿಸುತ್ತಿದ್ದ. ಯುವಕ ಲೂಯಿ ಆರ್ಮ್‌ಸ್ಟ್ರಾಂಗ್‌ನ ಊದು ಎಷ್ಟು ಜೋರಾಗಿತ್ತೆಂದರೆ ಅವನನ್ನು ದೂರ ನಿಲ್ಲಿಸಬೇಕಾಯಿತು ಎಂದು ಅಲ್ಲೇ ಪಿಯಾನೊ ನುಡಿಸುತ್ತಿದ್ದ ಲಿಲ್ ಹಾರ್ಡಿನ್ ಮುಂದೆ ನೆನಪಿಸಿಕೊಂಡಿದ್ದಾಳೆ.

1925ರ ಹೊತ್ತಿಗೆ ಮೈಕ್ ಬಂತು. ಅದಕ್ಕೇ 1923ರ 'ಡಿಪ್ಪರ್‌ಮೌತ್ ಬ್ಲೂಸ್' ಮುಗಿದ ಕೂಡಲೇ 1928ರಲ್ಲಿ ಆರ್ಮ್‌ಸ್ಟ್ರಾಂಗ್ ನುಡಿಸಿದ 'ವೆಸ್ಟ್ ಎಂಡ್ ಬ್ಲೂಸ್' ಹಾಕುತ್ತೇನೆ. ಅದೂ ಆಲಿವರ್ ಕಟ್ಟಿದ ಹಾಡೇ. ಮೊದಲನೆಯದರಲ್ಲಿ ಇಡೀ ತಂಡ ಒಟ್ಟಿಗೆ ಹೆಣೆದುಕೊಂಡಿದೆ. ಎರಡನೆಯದು ಶುರುವಾಗುವುದೇ ಆರ್ಮ್‌ಸ್ಟ್ರಾಂಗ್ ಒಬ್ಬನ ಟ್ರಂಪೆಟ್‌ನಿಂದ, ಯಾವ ಪಕ್ಕವಾದ್ಯವೂ ಇಲ್ಲದೆ. ಐದೇ ವರ್ಷದಲ್ಲಿ ಗುಂಪಿನ ಸಂಗೀತ ಒಬ್ಬನ ಸಂಗೀತವೂ ಆಗಿಬಿಟ್ಟಿತು. ಅದಕ್ಕೆ ಅವನ ಪ್ರತಿಭೆ ಕಾರಣ, ಸಣ್ಣ ಸದ್ದನ್ನೂ ಹಿಡಿಯುವ ಮೈಕ್ ಕೂಡ ಒಂದಿಷ್ಟು ಕಾರಣ.

ಪ್ರಸಾರಕ್ಕೂ ತನ್ನದೇ ತರಲೆಗಳಿವೆ. ಸ್ಟೇಷನ್‌ನಿಂದ ಹೊರಗೆ ಹೋಗುವ ಸದ್ದನ್ನು ಒಂದು ಯಂತ್ರ ತಾನಾಗಿಯೇ ಏರಿಸಿ ಇಳಿಸುತ್ತಿರುತ್ತದೆ. ಸಂಗೀತ ಮೆಲ್ಲಗಾದಾಗ ಹಳೇ ಪ್ಲೇಟಿನ ಗೊರಗೊರವನ್ನೂ ಎತ್ತಿ ಕೊಡುತ್ತದೆ. ಅದಕ್ಕೆ ಹೆದರಿ ಸಾಫ್ಟ್‌ವೇರ್‌ನಲ್ಲಿ ಗೊರಗೊರ ಪೂರ್ತಿ ಉಜ್ಜಿ ತೆಗೆದರೆ ಸಿಂಬಲ್‌ನ ಹೊಳಪೂ ಹೋಗುತ್ತದೆ. ನನ್ನ ಮಟ್ಟಿಗೆ ಗೊರಗೊರವೇ ವಾಸಿ. ಬಾಸ್ ಸೋಲೊ, ಅಂದರೆ ಕೆಳ ಸ್ಥಾಯಿಯ ದೊಡ್ಡ ತಂತಿವಾದ್ಯ ಮುಂದೆ ಬರುವ ಭಾಗ, ಇನ್ನೊಂದು ತಲೆನೋವು. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಕೆಳ ಸ್ಥಾಯಿ ಕೇಳಿಸುವುದೇ ಇಲ್ಲ, ರೇಡಿಯೋ ಕೆಟ್ಟಿತು ಅಂದುಕೊಳ್ಳುತ್ತಾರೆ. ಉದ್ದನೆಯ ಬಾಸ್ ಸೋಲೊ ಇದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ ಎಂದು ಮೊದಲೇ ಹೇಳುತ್ತೇನೆ. 'ಫ್ರೀ ಜಾಝ್' ಹಾಕುವಾಗಲೂ ಅದೇ ಮಾತು. ಅದರಲ್ಲಿ ನಾಲ್ವರ ಒಂದು ತಂಡ ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಒಂದೇ ಸ್ಪೀಕರ್‌ನಲ್ಲಿ ಕೇಳಿದರೆ ಬರೀ ಗಲಾಟೆ ಅನ್ನಿಸಬಹುದು, ಎರಡು ಕಿವಿಯಲ್ಲಿ ಕೇಳಿದರೆ ಮಾತುಕತೆ.

ಬಿಲ್ ಇವಾನ್ಸ್ ತ್ರಿವಳಿ 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ನುಡಿಸಿದ್ದನ್ನು ಹಾಕಿದಾಗ, ನಿಮ್ಮ ಸ್ಟುಡಿಯೋದಲ್ಲಿ ಯಾರೋ ಲೋಟ ತೊಳೀತಿದ್ದಾರಾ ಎಂದು ಒಬ್ಬರು ಕೇಳಿದ್ದರು. ಅದು ಕ್ಲಬ್‌ನ ಲೋಟಗಳ ಸದ್ದು. ಜನ ಮಾತಾಡುವುದೂ ನಗುವುದೂ ಕೇಳಿಸುತ್ತದೆ. ಆ ತಂಡದ ಬಾಸ್ ವಾದಕ ಸ್ಕಾಟ್ ಲಫಾರೊ ಹನ್ನೊಂದು ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡ. ಅದನ್ನು ಹಾಡಿಗೆ ಮೊದಲು ಹೇಳುವುದಿಲ್ಲ. ಹೇಳಿದರೆ ಕೇಳುಗರು ಸಾವನ್ನೇ ಕೇಳುತ್ತಾ ಕೂರುತ್ತಾರೆ, ಬಾಸ್ ಕೇಳುವುದಿಲ್ಲ.

ಶ್ರುತಿ ವಿಷಯದಲ್ಲಿ ಕಿವಿ ಚುರುಕಾಗಿರುವವರಿಗೆ ಒಂದು ಆಟ. 'ಕೈಂಡ್ ಆಫ್ ಬ್ಲೂ' ರೆಕಾರ್ಡ್ ಮಾಡಿದ ಮೊದಲ ದಿನ ಟೇಪ್ ಯಂತ್ರ ಕೊಂಚ ನಿಧಾನ ಓಡಿತ್ತು. ಹಾಗಾಗಿ ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಎಲ್‌ಪಿಯ ಮೊದಲ ಮುಖದ ಮೂರೂ ಹಾಡು ಸ್ವಲ್ಪ ವೇಗವಾಗಿ, ಶ್ರುತಿ ತುಸು ಏರಿ ಕೇಳಿಸುತ್ತಿದ್ದವು. 1992ರ ಮರುಮುದ್ರಣದಲ್ಲಿ ಸರಿಪಡಿಸಿದರು. ಎರಡರ ಮೊದಲ ನಿಮಿಷ ಮಾತ್ರ ಬೆನ್ನುಬೆನ್ನಿಗೆ ಹಾಕಿದ್ದೆ. ಪೂರ್ತಿ ಹಾಕುವ ನನ್ನ ನಿಯಮಕ್ಕೆ ಅದೊಂದು ರಿಯಾಯಿತಿ.

ಜಾಝ್‌ಗೆ ರೇಡಿಯೋ ಮಾಡಿದ ಉಪಕಾರವೂ ಕಡಿಮೆಯಲ್ಲ. 1956ರ ನ್ಯೂಪೋರ್ಟ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ತಂಡದ ಪಾಲ್ ಗೊನ್ಸಾಲ್ವಿಸ್ ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಒಂದೇ ಉಸಿರಿಗೆ ಅನ್ನುವಂತೆ 27 ಸುತ್ತು ನುಡಿಸಿದ. ಜನ ಎದ್ದು ಕುಣಿದರು. ಆದರೆ ಅವನು ನುಡಿಸಿದ್ದು ರೆಕಾರ್ಡ್ ಕಂಪನಿಯ ಮೈಕ್‌ಗಲ್ಲ, ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕ್‌ಗೆ. ಎಲ್‌ಪಿಯಲ್ಲಿ ಅವನು ದೂರದಲ್ಲೆಲ್ಲೋ ಇದ್ದಂತೆ ಕೇಳುತ್ತಾನೆ. ಆಮೇಲೆ ರೇಡಿಯೋ ಟೇಪ್ ಸಿಕ್ಕಿ, ಎರಡನ್ನೂ ಹೊಂದಿಸಿ 1999ರಲ್ಲಿ ಹೊಸದಾಗಿ ತಂದರು. ಥೆಲೋನಿಯಸ್ ಮಂಕ್ ಮತ್ತು ಕೋಲ್ಟ್ರೇನ್ 1957ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಟೇಪ್ ಕೂಡ ಅದೇ ರೇಡಿಯೋದ್ದು. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 2005ರಲ್ಲಿ ಸಿಕ್ಕಿತು.

ವಾಯ್ಸ್ ಆಫ್ ಅಮೆರಿಕದಲ್ಲಿ 1955ರಿಂದ ಜಾಝ್ ಕಾರ್ಯಕ್ರಮ ನಡೆಸಿದ ವಿಲ್ಲಿಸ್ ಕೊನೋವರ್ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದ. ಇಂಗ್ಲಿಷ್ ಅಷ್ಟಾಗಿ ಬಾರದ ದೇಶಗಳ ಕೇಳುಗರಿಗೆ ಅರ್ಥವಾಗಲಿ ಅಂತ. ನಾನು ನಿರೂಪಣೆ ಕಲಿತದ್ದು ಅವನ ಹಳೇ ಟೇಪ್‌ಗಳಿಂದ. ಹಾಡಿಗೆ ಮೊದಲು ಒಂದೇ ಸುಳಿವು: "ಪಿಯಾನೊದ ಎಡಗೈ ಕೇಳಿ." ಹಾಡು ಮುಗಿದ ಮೇಲೆ ಹೆಸರುಗಳು. ಹದಿನೇಳು ಜನರ ತಂಡದ ಪಟ್ಟಿಯನ್ನೆಲ್ಲ ಓದಿದರೆ ಹಾಜರಿ ಕೂಗಿದ ಹಾಗಿರುತ್ತದೆ.

ಅಮೆರಿಕದಿಂದ ಹೊರಗೆ ಹೋಗಲು "ವಿಶ್ವ ಜಾಝ್" ಅಂತ ಬೇರೆ ಕಂತು ಮಾಡುವುದು ನನಗೆ ಇಷ್ಟವಿಲ್ಲ. ಅವರನ್ನು ಪಂಕ್ತಿಯ ಹೊರಗೆ ಕೂರಿಸಿದಂತಾಗುತ್ತದೆ. ಡ್ರಮ್ಸೇ ಇಲ್ಲದೆ ಗಿಟಾರ್‌ಗಳಿಂದಲೇ ತಾಳ ಹಿಡಿಯುವ ಜಾಂಗೋ ರೈನ್‌ಹಾರ್ಟ್‌ನ ಪ್ಯಾರಿಸ್ ತಂಡವನ್ನು ಗುಡ್‌ಮನ್ ಪಕ್ಕ ಇಡುತ್ತೇನೆ. ಇಥಿಯೋಪಿಯಾದ ಮುಲಾತು ಅಸ್ತಾತ್ಕೆಯನ್ನು ಮೈಲ್ಸ್ ಪಕ್ಕ, ಕೇಪ್‌ಟೌನ್‌ನಲ್ಲಿ 1974ರಲ್ಲಿ 'ಮಾನೆನ್‌ಬರ್ಗ್' ಮಾಡಿದ ಅಬ್ದುಲ್ಲಾ ಇಬ್ರಾಹಿಂನನ್ನು ಎಲಿಂಗ್ಟನ್ ಪಕ್ಕ.

ಒಬ್ಬ ವಾದಕನ ಬೆನ್ನು ಹತ್ತಿ ಹೋದರೂ ದೇಶಗಳು ದಾಟುತ್ತವೆ. ಈ ಕೆಲಸಕ್ಕೆ ಮುಂಚೂಣಿಯ ಹೆಸರುಗಳಿಗಿಂತ ಜೊತೆಗಾರರೇ ಒಳ್ಳೆಯವರು. ಆಲ್ಟೊ ಸ್ಯಾಕ್ಸೊಫೋನ್‌ನ ಚಾರ್ಲಿ ಮರಿಯಾನೊ 1960ರಲ್ಲಿ ತನ್ನ ಹೆಂಡತಿ, ಪಿಯಾನೊ ವಾದಕಿ ತೊಶಿಕೊ ಅಕಿಯೋಶಿ ಜೊತೆ ನುಡಿಸಿದ್ದು ಮೊದಲು. ಆಮೇಲೆ ಮಿಂಗಸ್‌ನ 1963ರ 'ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ'ಯಲ್ಲಿ ಅವನ ಆಲ್ಟೊ ಅಳುವುದು. ಕೊನೆಗೆ 1983ರ 'ಜ್ಯೋತಿ': ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ. ಆರ್. ಎ. ರಮಾಮಣಿಯವರ ದನಿ, ಟಿ. ಎ. ಎಸ್. ಮಣಿಯವರ ಮೃದಂಗ, ನಡುವೆ ಮರಿಯಾನೊ. ನಾಗಸ್ವರ ಕಲಿತ ಮನುಷ್ಯ ಆತ, ಅದು ಅವನ ಗಮಕದಲ್ಲಿ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಅಕಿಯೋಶಿ ಏನು ಮಾಡುತ್ತಿದ್ದಳು ಅನ್ನುವುದು ಮುಂದಿನ ವಾರಕ್ಕೆ. 1974ರ 'ಕೊಗುನ್'ನಲ್ಲಿ ಆಕೆ ದೊಡ್ಡ ಜಾಝ್ ತಂಡದೊಳಕ್ಕೆ ಜಪಾನಿನ 'ನೋ' ಎಂಬ ಸಾಂಪ್ರದಾಯಿಕ ನಾಟಕದ ಕೂಗನ್ನೂ ಚರ್ಮವಾದ್ಯವನ್ನೂ ತಂದಿದ್ದಾಳೆ.

ದಾಖಲೆ ಹಾಳೆ ತುಂಬುವುದು ಬೇಸರದ ಕೆಲಸ, ಬಿಡುವಂತಿಲ್ಲ. ಹಾಡು, ಕಟ್ಟಿದವರು, ನುಡಿಸಿದವರು, ಕಂಪನಿ, ಅವಧಿ. ಇದರ ಜೊತೆ ರೆಕಾರ್ಡ್ ಆದ ದಿನ ಮತ್ತು ಬಿಡುಗಡೆಯಾದ ವರ್ಷ ಎರಡನ್ನೂ ಬೇರೆಬೇರೆ ಕಾಲಮ್ಮಿನಲ್ಲಿ ಬರೆಯುತ್ತೇನೆ. ಗುಡ್‌ಮನ್‌ನ 1938ರ ಕಾರ್ನೆಗಿ ಹಾಲ್ ಕಛೇರಿ ಎಲ್‌ಪಿಯಾಗಿ ಬಂದದ್ದು 1950ರಲ್ಲಿ. ಡಿಜಿಟಲ್ ಫೈಲ್‌ಗಳಲ್ಲಿ ಎಷ್ಟೋ ಸಲ ಮರುಮುದ್ರಣದ ವರ್ಷ ಮಾತ್ರ ಇರುತ್ತದೆ. ಅದನ್ನು ನಂಬಿದರೆ ಪಾರ್ಕರ್ ಸತ್ತ ಮೇಲೂ ರೆಕಾರ್ಡ್ ಮಾಡಿದ ಅಂದ ಹಾಗಾಗುತ್ತದೆ.

ಗಂಟೆಯ ಕೊನೆಯಲ್ಲಿ ಯಾವಾಗಲೂ ಮೂರು ಮೂರೂವರೆ ನಿಮಿಷ ಉಳಿಯುತ್ತದೆ. ಅದಕ್ಕೆ 78ರ ಪ್ಲೇಟುಗಳೇ ಸರಿ. ಜೆಲ್ಲಿ ರೋಲ್ ಮಾರ್ಟನ್ 1926ರಲ್ಲಿ ಮಾಡಿದ 'ಬ್ಲ್ಯಾಕ್ ಬಾಟಮ್ ಸ್ಟಾಂಪ್' ಅಂಥದ್ದು. ಮೂರು ನಿಮಿಷದ ಚಿಲ್ಲರೆಯಲ್ಲಿ ಟ್ರಂಪೆಟ್, ಕ್ಲಾರಿನೆಟ್, ಪಿಯಾನೊ, ಬ್ಯಾಂಜೊ ಎಲ್ಲರಿಗೂ ಸರದಿ ಸಿಕ್ಕಿ, ತಂಡವೆಲ್ಲ ಮತ್ತೆ ಒಂದಾಗಿ ಮುಗಿಯುತ್ತದೆ. ವಾರ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ.